ಒಂಬತ್ತನೇ ನಂಬರಿನ ರಜಾ ಅರ್ಜಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ಹದಿಮೂರು ವರ್ಷಗಳಲ್ಲಿ ಒಂಬತ್ತು ತಂಡಗಳಿಗೆ ಫುಟ್‌ಬಾಲ್ ಆಡಿದ ಮನುಷ್ಯನನ್ನು ಯಾವ ಊರೂ ನಮ್ಮವನು ಎನ್ನಲಿಲ್ಲ. ಹೈದರಾಬಾದಿನ ಮೈದಾನಗಳಲ್ಲಿ ಬೆನ್ನ ಮೇಲಿನ ಅಂಕಿ ನೋಡಿ ಅವರನ್ನು ‘ನೌ ನಂಬರ್’ ಎನ್ನುತ್ತಿದ್ದರು. ಕೊನೆಯ ವರ್ಷಗಳಲ್ಲಿ ಬಾಡಿಗೆ ಟರ್ಫ್ ಮೈದಾನಕ್ಕೆ ಆಡಲು ಬರುತ್ತಿದ್ದ ಹುಡುಗರಿಗೆ ಬರೀ ‘ಅಂಕಲ್’. ಅವರ ಸ್ವಂತ ಹೆಸರು ಪೂರ್ತಿಯಾಗಿ ಇದ್ದದ್ದು ನಮ್ಮ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ. ಅಲ್ಲಿ ಅದರ ಮೇಲೆ ಕೆಂಪು ಗೆರೆ ಬಿದ್ದದ್ದರಲ್ಲಿ ನನ್ನ ಕೈಯೂ ಇತ್ತು. ಹೋದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಅದೇ ಕಷ್ಟವಾಗಿದೆ.

ನಾನು ಆಟದ ಗಂಧಗಾಳಿ ಇಲ್ಲದವನು. ಅಜ್ಜನ ಕಾಲದಲ್ಲೇ ಕಲಬುರಗಿಯಿಂದ ಹೈದರಾಬಾದಿಗೆ ಬಂದು ಸರ್ಕಾರಿ ಕುರ್ಚಿಗಳಿಗೆ ಅಂಟಿಕೊಂಡ ಮನೆತನ ನಮ್ಮದು. ನಮ್ಮಲ್ಲಿ ಓಡುವುದು ಎಂದರೆ ಬಸ್ಸು ಹಿಡಿಯುವುದಕ್ಕೆ ಮಾತ್ರ. ಊರ ಹೊರಗಿನ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನಾನು ಗುಮಾಸ್ತನಾಗಿದ್ದೆ. ಆ ಕಾರ್ಖಾನೆಗೆ ಬೀಗ ಬಿದ್ದು ವರ್ಷಗಳಾದವು, ಆಗ ಅದಕ್ಕೊಂದು ಫುಟ್‌ಬಾಲ್ ತಂಡವೂ ಇತ್ತು. ಆಟಗಾರರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಎರಡು ಗಂಟೆ ಸ್ಟೋರ್ಸಿನಲ್ಲಿ ಕೆಲಸ ಮಾಡಿದಂತೆ ಕೂರುವುದು, ಆಮೇಲೆ ಮೈದಾನ. ಮೂರು ಸೀಸನ್ ಚೆನ್ನಾಗಿ ಆಡಿದವನನ್ನು ಖಾಯಂ ಮಾಡುವ ರೂಢಿ ಇತ್ತು.

ಅವರು ಸೇವಾ ವಿವರದ ಫಾರಂ ತುಂಬಲು ನನ್ನ ಮೇಜಿನ ಮುಂದೆ ಬಂದು ನಿಂತಾಗ ವಯಸ್ಸು ಮೂವತ್ತೆರಡು. ಫುಟ್‌ಬಾಲಿನವರಿಗೆ ಅದು ಮುದಿವಯಸ್ಸಂತೆ, ನನಗೆ ಆಮೇಲೆ ತಿಳಿಯಿತು. ಎತ್ತರದ ಆಳು, ಎಡ ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತು, ಕೈಯಲ್ಲೊಂದು ಟ್ರಂಕು. ಹಿಂದಿಯಲ್ಲಿ ಏನೋ ಕೇಳಿದರು. ಆ ಹಿಂದಿಯ ಎಳೆತ ಕೇಳಿದ ಕೂಡಲೇ ನಾನು, “ಹುಬ್ಬಳ್ಳಿ ಕಡೆಯವ್ರೇನ್ರಿ?” ಎಂದೆ. ಅವರ ಮುಖ ಅರಳಿತು. “ಹೌದ್ರಿ ಅಣ್ಣಾರ! ರೈಲ್ವೆ ಕ್ವಾರ್ಟರ್ಸಿನಾಗ ಬೆಳದಾವ ನಾ. ಇಲ್ಲಿ ಕನ್ನಡ ಮಾತಾಡಾವ್ರು ಸಿಗ್ತಾರ ಅಂತ ಅಂದ್ಕೊಂಡಿರಲಿಲ್ಲ ನೋಡ್ರಿ,” ಎಂದು ಟ್ರಂಕನ್ನು ಕೆಳಗಿಟ್ಟು ಅದರ ಮೇಲೆಯೇ ಕೂತರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ತಂದೆ ಇಲ್ಲ. ತಾಯಿ ಇಲ್ಲ, ಹೋದ ವರ್ಷ ತೀರಿಕೊಂಡಳು. ಹೆಂಡತಿ ಒಬ್ಬಳು, ಸೋದರಮಾವನ ಮಗಳು. ಈ ಎಲ್ಲವನ್ನೂ ನಾನೇ ನನ್ನ ಅಕ್ಷರದಲ್ಲಿ ತುಂಬಿ, ಅವರ ಸಹಿ ಹಾಕಿಸಿ, ಫಾರಂ ಫೈಲಿಗೆ ಸೇರಿಸಿ ಮರೆತುಬಿಟ್ಟೆ. ದಿನಕ್ಕೆ ಹತ್ತಾರು ಫಾರಂ ನೋಡುವವನಿಗೆ ಯಾರ ತಾಯಿ ಇದ್ದಾಳೆ, ಯಾರ ತಾಯಿ ಇಲ್ಲ ಎಂಬುದು ನೆನಪಿರುವುದಿಲ್ಲ.

ಕನ್ನಡದ ನಂಟಿಗಾಗಿ ನಾನೂ ಒಂದೆರಡು ಪಂದ್ಯ ನೋಡಲು ಹೋದೆ. ಅಲ್ಲಿ ನನಗೆ ಕಂಡದ್ದು ಒಂದೇ. ಗೋಲು ಹೊಡೆದ ಮೇಲೆ ಉಳಿದವರು ಕುಣಿಯುತ್ತಾರೆ, ಅಂಗಿ ಬಿಚ್ಚುತ್ತಾರೆ. ಇವರು ಬಲೆಯೊಳಗೆ ಹೋಗಿ ಚೆಂಡನ್ನು ತಾವೇ ಎತ್ತಿಕೊಂಡು, ಚಡ್ಡಿಗೆ ಒರೆಸಿ, ಎದುರಾಳಿ ಗೋಲ್‌ಕೀಪರನ ಕೈಗೆ ಕೊಟ್ಟು ಬರುತ್ತಿದ್ದರು. ಏನ್ರಿ ಇಷ್ಟು ಮರ್ಯಾದೆ ಎಂದು ಕೇಳಿದರೆ, “ಅವ್ರೆಲ್ಲಾ ನಮ್ಮ ಹಳೇ ತಂಡದವ್ರ ಅದಾರ್ರಿ. ನಾಳೆ ಇಲ್ಲಿ ಬ್ಯಾಡ ಅಂದ್ರ ಮತ್ತ ಅವರ ಬಾಗಲಾಗ ನಿಲ್ಲಬೇಕು. ಅವರ ಮುಂದ ಕುಣದು ಯಾಕ ಕೆಡಸ್ಕೋಬೇಕು?” ಎಂದು ನಕ್ಕರು. ಒಮ್ಮೆ ಅವರ ಕೆಲಸದ ವಿಚಾರ ಕೇಳಿದೆ. “ತೊಂಬತ್ತು ನಿಮಿಷದಾಗ ಬಾಲ್ ನನ್ನ ಕಾಲಾಗ ಇರೋದು ಎರಡು ನಿಮಿಷರಿ. ಉಳದದ್ದೆಲ್ಲಾ, ಈಗ ಬರತೈತಿ, ಈಗ ಬರತೈತಿ ಅಂತ ಸುಳ್ಳೇ ಓಡೋದು. ಹತ್ತು ಸಲ ಓಡಿದ್ರ ಒಂದು ಸಲ ಬರತೈತಿ. ಆ ಒಂದು ಸಲ ನಾ ಅಲ್ಲಿ ಇರಲಿಲ್ಲಂದ್ರ ಬೈತಾರ,” ಎಂದರು.

ತಿರುಗಿದ ಊರುಗಳ ಬಗ್ಗೆ ಕೇಳಿದರೆ ಅವರು ಹೇಳುತ್ತಿದ್ದದ್ದು ಗೋಲಿನ ಹಿಂದೆ ಏನಿತ್ತು ಎಂಬುದನ್ನು ಮಾತ್ರ. ಗೋವಾದಲ್ಲಿ ಒಂದು ಬಿಳಿ ಗೋಡೆ, ಅದರ ಮೇಲೆ ಒಣಗಲು ಹಾಕಿದ ಬಟ್ಟೆ. ಕೋಲ್ಕತ್ತದಲ್ಲಿ ಬಲಗಡೆ ಕಂಬದ ಆಚೆ ಟ್ರಾಮು. ಪಂಜಾಬಿನ ಒಂದು ಗಿರಣಿಯ ಮೈದಾನದಲ್ಲಿ ಎಮ್ಮೆಗಳು. “ಊರು ನೋಡಲಿಲ್ಲೇನ್ರಿ?” ಎಂದರೆ, “ಮತ್ತೇನ ನೋಡ್ತಾರ್ರಿ ಊರಾಗ?” ಎನ್ನುತ್ತಿದ್ದರು. ಹೈದರಾಬಾದಿಗೆ ಬರುವವರೆಗೂ ಅವರ ಬಟ್ಟೆಬರೆ ಟ್ರಂಕಿನಿಂದ ಹೊರಗೆ ಬಂದದ್ದೇ ಇಲ್ಲವಂತೆ. ಇಲ್ಲಿ ಎರಡನೇ ವರ್ಷ ಮೆಹದಿಪಟ್ಟಣದಲ್ಲಿ ಎರಡು ಕೋಣೆಯ ಮನೆ ಹಿಡಿದು ಒಂದು ಕಬ್ಬಿಣದ ಅಲಮಾರಿ ತಂದರು. ಅದನ್ನು ನೋಡಲು ನನ್ನನ್ನು ಊಟಕ್ಕೆ ಕರೆದರು. ಮದುವೆಗೆ ಕರೆದಷ್ಟು ಸಂಭ್ರಮದಿಂದ ಕರೆದಿದ್ದರು. ಗಂಡಹೆಂಡತಿ ಇಬ್ಬರೂ ಅದರ ಬಾಗಿಲು ತೆಗೆದು ತೆಗೆದು ತೋರಿಸಿದರು. ಆಕೆ ಸಣ್ಣಗೆ, ಬೆಳ್ಳಗೆ, ಬಾಯಿ ತೆರೆದರೆ ನಗುವ ಹೆಂಗಸು. ಗಂಡನ ಮಾತಿಗೆ ಮಾತು ಕೊಡುತ್ತಿದ್ದಳು. “ಅಣ್ಣಾ, ಇವರು ಅಲಮಾರಿ ಕೀಲಿನೂ ಗೋಲ್‌ಕೀಪರ್‌ಗೆ ಕೊಟ್ಟು ಬರೋ ಪೈಕಿ ನೋಡ್ರಿ,” ಎಂದಳು. ಅವರು ಅನ್ನದ ತಟ್ಟೆ ಮುಂದೆ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಗೋಡೆಯ ಮೇಲೆ ಅವರ ತಾಯಿಯ ಫೋಟೋ ಇತ್ತು. ಆ ತಾಯಿ ಅವರಿಗೆ ತಾಯಿಯಾದಷ್ಟೇ ಈಕೆಗೂ ಆಗಿದ್ದವಳು. ಚಿಕ್ಕಂದಿನಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಈ ಹುಡುಗಿಯನ್ನು ಸೋದರತ್ತೆ ಎಂದು ಆಕೆಯೇ ಸಾಕಿ, ಬೆಳೆಸಿ, ಮಗನಿಗೆ ತಂದುಕೊಂಡಿದ್ದಳು. ಮಗ ಊರೂರು ತಿರುಗುವಾಗ ಅತ್ತೆಸೊಸೆ ಒಂದೇ ಹಾಸಿಗೆಯ ಮೇಲೆ ಮಲಗುತ್ತಿದ್ದರಂತೆ. ಕಡೆಯ ಜಡ್ಡಿನಲ್ಲಿ ಏಳು ತಿಂಗಳು ಈಕೆಯೇ ಆರೈಕೆ ಮಾಡಿದ್ದು. ಊಟಕ್ಕೆ ಮೊದಲು ಆಕೆ ಆ ಫೋಟೋದ ಮುಂದೆ ಒಂದು ತುತ್ತು ಇಟ್ಟು ಬರುತ್ತಿದ್ದಳು.

ಅವರಿಗೆ ಖಾಯಂ ನೌಕರಿಯ ವಿಷಯ ಕೇಳುವುದೆಂದರೆ ಕಥೆ ಕೇಳಿದ ಹಾಗೆ. ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು, “ಖಾಯಂ ಆದ್ರ ಏನೇನ್ ಆಗತೈತ್ರಿ, ಮತ್ತೊಮ್ಮೆ ಹೇಳ್ರಿ,” ಎನ್ನುತ್ತಿದ್ದರು. ಕ್ವಾರ್ಟರ್ಸ್ ಸಿಗುತ್ತದೆ, ದವಾಖಾನೆ ಸಿಗುತ್ತದೆ, ಆಟ ಬಿಟ್ಟ ಮೇಲೂ ಸ್ಟೋರ್ಸಿನಲ್ಲಿ ಅರವತ್ತರವರೆಗೆ ಕುರ್ಚಿ ಇರುತ್ತದೆ ಎಂದು ನಾನು ಹೇಳುತ್ತಿದ್ದೆ. “ಅಂದ್ರ ಮತ್ತ ಟ್ರಂಕ್ ಕಟ್ಟೋದಿಲ್ಲ,” ಎಂದು ಅವರು ಮುಗಿಸುತ್ತಿದ್ದರು.

ಮೂರನೆಯ ಸೀಸನ್ ಮುಗಿದ ಬೇಸಿಗೆಯಲ್ಲಿ ಅವರು ರಜೆ ಕೇಳಿಕೊಂಡು ಬಂದರು. ಮಲಬಾರಿನ ಕಡೆ ಬೇಸಿಗೆಯಲ್ಲಿ ಏಳೇಳು ಜನರ ಫುಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ಕೊಯ್ಲಾದ ಗದ್ದೆಗಳಲ್ಲಿ ಬಿದಿರಿನ ಗ್ಯಾಲರಿ ಕಟ್ಟಿ ಆಡಿಸುತ್ತಾರೆ. ಕಂಪನಿ ತಂಡಕ್ಕೆ ಬರೆದುಕೊಟ್ಟ ಆಟಗಾರರು ಅಲ್ಲಿ ಆಡುವಂತಿಲ್ಲ. ಆದ್ದರಿಂದ ಎಲ್ಲರೂ ಬೇರೊಬ್ಬರ ಹೆಸರಿನಲ್ಲಿ ಆಡುತ್ತಾರೆ. ಅದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ನಮ್ಮ ತಂಡದ ಅರ್ಧ ಜನ ವರ್ಷವರ್ಷವೂ ಹೋಗುತ್ತಿದ್ದರು. ಇವರು ಅದುವರೆಗೆ ಹೋಗಿರಲಿಲ್ಲ.

“ಖಾಯಂ ಆಗೋ ಟೈಮಿನಾಗ ಇದೇನ್ರಿ?” ಎಂದೆ.

“ಒಂದೇ ಒಂದು ಸಲರಿ ಅಣ್ಣಾರ. ನಮ್ಮ ಲೀಗ್ ಮ್ಯಾಚಿಗೆ ಯಾರ್ ಬರ್ತಾರ ಹೇಳ್ರಿ? ಇಬ್ರು ಪೊಲೀಸ್ರು, ನಾಕ ನಾಯಿ, ಮತ್ತ ನೀವು. ಅಲ್ಲಿ ಹತ್ತು ಸಾವಿರ ಮಂದಿ ನೋಡ್ತಾರಂತ. ಇನ್ನ ಒಂದು ವರ್ಷಕ್ಕ ಕಾಲು ಹೋಗತಾವ. ತುಂಬಿದ ಮಂದಿ ಮುಂದ ಒಮ್ಮೆ ಆಡಿ ಬರ್ತೀನಿ.”

ಅರ್ಜಿಯಲ್ಲಿ ಕಾರಣ ಬರೆಯಬೇಕಿತ್ತು. ಅವರು, “ಆಡಾಕ ಹೊಂಟೀನಿ ಅಂತ ಬರೀಲ್ರಿ?” ಎಂದು ಕೇಳಿದರು. ನಾನು ನಕ್ಕೆ. ನಮ್ಮ ಕಾರ್ಖಾನೆಯಲ್ಲಿ ರಜಾ ಅರ್ಜಿಗೆ ಒಂದೇ ಒಂದು ಕಾರಣ ಇತ್ತು. ಮದುವೆಗೆ ಹೋಗುವವನೂ, ಮನೆ ಕಟ್ಟಿಸುವವನೂ, ಸಿನಿಮಾ ನೋಡುವವನೂ ಅದನ್ನೇ ಬರೆಯುತ್ತಿದ್ದ. “ಹಂಗ ಬರದ್ರ ಯಾರ್ ಕೊಡ್ತಾರ್ರಿ? ತಾಯಿಗೆ ಆರಾಮಿಲ್ಲ ಅಂತ ಬರೀರಿ,” ಎಂದೆ.

ಅವರು ಪೆನ್ನಿನ ತುದಿಯನ್ನು ಕಾಗದಕ್ಕೆ ತಾಗಿಸಿ ಮತ್ತೆ ಎತ್ತಿದರು. “ಅವ್ವಗ?” ಎಂದರು.

ನನ್ನ ಮುಂದೆ ಇನ್ನೂ ಆರು ಜನ ನಿಂತಿದ್ದರು. ಅವರ ಮನೆಯ ಗೋಡೆಯ ಮೇಲೆ ನೋಡಿದ್ದ ಫೋಟೋ ಆ ಗಡಿಬಿಡಿಯಲ್ಲಿ ನನಗೆ ನೆನಪಿಗೇ ಬರಲಿಲ್ಲ. “ಹೂಂ, ಅವ್ವಗಽ. ಲಗೂ ಬರೀರಿ,” ಎಂದೆ.

ಅವರು ಬರೆದರು. ನಿಧಾನವಾಗಿ, ಒಂದೊಂದೇ ಅಕ್ಷರ ಬರೆದರು. ತಾಯಿ ಇಲ್ಲವೆಂದು ಒಂದು ಮಾತು ಅಂದಿದ್ದರೆ ನಾನು ಮಾವನಿಗೋ ಅಜ್ಜಿಗೋ ಜಡ್ಡು ಬರಿಸುತ್ತಿದ್ದೆ. ಅವರು ಅನ್ನಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾಕೆಂದು ಕೇಳಿದಾಗ, “ನೀವು ಆಫೀಸಿನವ್ರು, ನೀವು ಹೇಳಿದ್ರಂದ್ರ ಕಾಯ್ದೆ ಹಂಗ ಇರತೈತಿ ಅಂದ್ಕೊಂಡ್ನಿ,” ಎಂದರು. ಒಂಬತ್ತು ತಂಡಗಳಲ್ಲಿ ಮ್ಯಾನೇಜರು ಎಲ್ಲಿ ನಿಲ್ಲು ಅಂದರೆ ಅಲ್ಲಿ ನಿಂತು ಅಭ್ಯಾಸವಾದ ಮನುಷ್ಯ. ನನ್ನ ಮೇಜಿನ ಮುಂದೆಯೂ ಹಾಗೇ ನಿಂತಿದ್ದರು.

ಮಲಬಾರಿನ ಮೂರನೇ ಪಂದ್ಯದಲ್ಲಿ ಇಬ್ಬರು ಡಿಫೆಂಡರುಗಳು ಒಟ್ಟಿಗೆ ಮೇಲೆ ಬಿದ್ದು ಅವರ ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಆಡಿಸಿದವರು ಅವರನ್ನು ಯಾವ ಹೆಸರಿನಲ್ಲಿ ಆಡಿಸಿದ್ದರೋ ಅದೇ ಹೆಸರಿನಲ್ಲಿ ದವಾಖಾನೆಗೆ ಸೇರಿಸಿದರು. ರಾಡು ಹಾಕಿದರು. ಒಂದೂವರೆ ತಿಂಗಳ ಮೇಲೆ ಊರುಗೋಲು ಹಿಡಿದು ಅವರು ಆಫೀಸಿಗೆ ಬಂದು ದವಾಖಾನೆಯ ಕಾಗದಗಳನ್ನು ಕೊಟ್ಟಾಗ ಅದರ ಮೇಲೆ ಇದ್ದದ್ದು ಅಲ್ಲಿಯ ಯಾರೋ ಒಬ್ಬ ಹುಡುಗನ ಹೆಸರು. ಅದೇ ವಾರ ಖಾಯಂ ಮಾಡುವವರ ಪಟ್ಟಿ ತಯಾರಾಗುತ್ತಿತ್ತು. ಹೊಸದಾಗಿ ಬಂದ ಅಧಿಕಾರಿಗೆ ಫುಟ್‌ಬಾಲಿನವರೆಂದರೆ ಮೊದಲೇ ಆಗುತ್ತಿರಲಿಲ್ಲ. ಇವರ ಫೈಲು ತರಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡು ಎಂದು ನನಗೆ ಹೇಳಿದರು.

ನಾನು ಫೈಲು ಬಿಚ್ಚಿದೆ. ರಜಾ ಅರ್ಜಿಯ ಕೆಳಗೆ ಆ ಸೇವಾ ವಿವರದ ಫಾರಂ ಇತ್ತು. ತಾಯಿ ತೀರಿಕೊಂಡಿದ್ದಾಳೆ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದಾಗ ಅವರ ಮನೆಯ ಗೋಡೆಯ ಫೋಟೋ ನೆನಪಾಯಿತು. ಪೆನ್ನು ತೆಗೆದುಕೊಂಡು ಮೂರು ಸಾಲು ಬರೆದೆ. ವೈದ್ಯಕೀಯ ಕಾಗದಗಳು ಈ ನೌಕರನ ಹೆಸರಿನಲ್ಲಿ ಇಲ್ಲ. ರಜೆಗೆ ಕೊಟ್ಟ ಕಾರಣ ತಾಯಿಯ ಅನಾರೋಗ್ಯ. ದಾಖಲೆಯ ಪ್ರಕಾರ ತಾಯಿ ಜೀವಂತವಿಲ್ಲ. ಮೂರೂ ನಿಜವಾಗಿದ್ದವು. ಆ ಕಾರಣ ಬರೆಯಲು ಹೇಳಿದವನು ನಾನು ಎಂಬ ನಾಲ್ಕನೆಯ ಸಾಲನ್ನು ಬರೆಯಲಿಲ್ಲ. ಆ ವರ್ಷ ನನಗೆ ಬಡ್ತಿ ಬರುವುದಿತ್ತು. ಬಂತು.

ವಿಚಾರಣೆಯ ದಿನ ನಾನು ಫೈಲು ಹಿಡಿದು ಅದೇ ಕೋಣೆಯಲ್ಲಿ ಕೂತಿದ್ದೆ. ಸತ್ತ ತಾಯಿಯ ಹೆಸರಿನಲ್ಲಿ ರಜೆ ತೆಗೆದುಕೊಳ್ಳಲು ನಾಚಿಕೆ ಆಗಲಿಲ್ಲವೇ, ಯಾರು ಹೇಳಿಕೊಟ್ಟರು ಎಂದು ಅಧಿಕಾರಿ ಹಿಂದಿಯಲ್ಲಿ ಜಬರಿಸಿದರು. ಅವರು ನನ್ನ ಕಡೆ ನೋಡಲಿಲ್ಲ. ಊರುಗೋಲಿನ ತುದಿ ನೋಡುತ್ತ, “ಮೈಂ ಹೀ ಲಿಖಾ ಸಾಬ್,” ನಾನೇ ಬರೆದೆ ಎಂದರು. ಮತ್ತೊಮ್ಮೆ ಕೇಳಿದಾಗಲೂ ಅಷ್ಟೇ ಹೇಳಿದರು. ಹತ್ತು ದಿನಕ್ಕೆ ಗುತ್ತಿಗೆ ಮುಗಿಸಿದ ಪತ್ರ ಅವರ ಮನೆಗೆ ಹೋಯಿತು. ಅದನ್ನು ಅವರ ಹೆಂಡತಿಗೆ ಮನೆಯ ಮಾಲೀಕನ ಮಗ ಓದಿ ಹೇಳಿದನಂತೆ. ಕಾಲು ಮುರಿದದ್ದಕ್ಕೆ ಆಕೆ ಅತ್ತಿದ್ದಳು, ನೌಕರಿ ಹೋದದ್ದಕ್ಕೂ ಅತ್ತಳು. ಮೃತ ತಾಯಿಗೆ ಅನಾರೋಗ್ಯವೆಂದು ಸುಳ್ಳು ಹೇಳಿ ಎಂಬ ಸಾಲು ಬಂದಾಗ ಅಳು ನಿಲ್ಲಿಸಿ ಗಂಡನ ಮುಖ ನೋಡಿದಳಂತೆ.

ಅದಾದ ಮೇಲೆ ನಾನು ಅವರನ್ನು ಹನ್ನೆರಡು ವರ್ಷ ನೋಡಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಮಗಳ ಮನೆಗೆಂದು ಮೆಹದಿಪಟ್ಟಣಕ್ಕೆ ಬಂದು ನೆಲೆಸಿದೆ. ಒಂದು ಸಂಜೆ ಬಸ್ ನಿಲ್ದಾಣದ ಗದ್ದಲದಲ್ಲಿ ಹಿಂದಿನಿಂದ ಯಾರೋ, “ಅಣ್ಣಾರ!” ಎಂದರು. ತಿರುಗಿದರೆ ಅವರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬಲಗಾಲು ಎಳೆಯುತ್ತಿತ್ತು. ನಡುರಸ್ತೆಯಲ್ಲಿ ನನ್ನನ್ನು ಅಪ್ಪಿಕೊಂಡರು. ಫೈಲಿನ ಮಾತು ಆಡಲಿಲ್ಲ. ಶಾಲೆಗಳಲ್ಲಿ ಮೈದಾನಕ್ಕೆ ಸುಣ್ಣದ ಗೆರೆ ಎಳೆದು, ಸೀಟಿ ಊದಿ, ಈಗ ಒಂದು ಫಂಕ್ಷನ್ ಹಾಲಿನ ಹಿಂದಿನ ಟರ್ಫ್ ನೋಡಿಕೊಳ್ಳುತ್ತಿದ್ದೇನೆ ಎಂದರು. ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆಯ ಲೆಕ್ಕದಲ್ಲಿ ಆಡಲು ಕೊಡುವ ಜಾಗ ಅದು.

ನನಗೂ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ದಿನಾ ಅಲ್ಲಿಗೆ ಹೋಗಿ ಅವರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು ಅಭ್ಯಾಸವಾಯಿತು. ಆಡಲು ಬರುವವರಲ್ಲಿ ಮೈಸೂರು, ಮಂಗಳೂರು ಕಡೆಯ ಐಟಿ ಹುಡುಗರ ಒಂದು ಗುಂಪಿತ್ತು. ಒಬ್ಬ ಕಡಿಮೆ ಬಿದ್ದರೆ, “ಅಂಕಲ್, ಬನ್ನಿ, ಸುಮ್ನೆ ನಿಂತ್ಕೊಳ್ಳಿ ಸಾಕು,” ಎಂದು ಕರೆಯುತ್ತಿದ್ದರು. ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಿ ನಿಲ್ಲುತ್ತಿದ್ದರು. ಓಡುತ್ತಿರಲಿಲ್ಲ. ಚೆಂಡು ತಾನಾಗಿಯೇ ಅವರಿದ್ದಲ್ಲಿಗೆ ಬರುತ್ತಿತ್ತು. ಬಂದದ್ದನ್ನು ಆ ಗುಂಪಿನಲ್ಲೇ ಎಲ್ಲರಿಗಿಂತ ದಪ್ಪಗಿದ್ದ, ಆಡಲು ಬಾರದ ಒಬ್ಬ ಮೈಸೂರು ಹುಡುಗನ ಕಾಲಿಗೆ, ಅವನು ಸುಮ್ಮನೆ ಕಾಲು ತಗುಲಿಸಿದರೆ ಗೋಲು ಆಗುವ ಹಾಗೆ ತಳ್ಳುತ್ತಿದ್ದರು. ನೀವೇ ಹೊಡೆಯಬಹುದಿತ್ತಲ್ಲ ಎಂದರೆ, “ಆ ಹುಡುಗ ಭಾಳ ದಿವಸದಿಂದ ಒಂದೂ ಹೊಡದಿಲ್ರಿ. ಮನಿಗೆ ಫೋನ್ ಮಾಡಿದಾಗ ಹೇಳಾಕ ಏನರ ಬೇಕಲ್ಲ,” ಎಂದರು. ಆ ಹುಡುಗ ಒಮ್ಮೆ, “ಅಂಕಲ್, ನೀವೂ ಮುಂಚೆ ಆಡ್ತಿದ್ರಾ?” ಎಂದು ಕೇಳಿದ. “ಹೂಂ, ಸ್ವಲ್ಪ,” ಎಂದು ಕಸಬರಿಗೆ ಎತ್ತಿಕೊಂಡರು.

ಅವರ ಹೆಂಡತಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ನಾನು ಮನೆಗೆ ಹೋದರೆ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ಕೊಡುತ್ತಿದ್ದಳು. “ಕಾರ್ಖಾನಿಯವ್ರು ಎಲ್ಲಾರೂ ಇವರ ಕೈ ಬಿಟ್ರು ಅಣ್ಣಾ. ನೀವೊಬ್ರೇ ಹುಡುಕ್ಕೊಂಡು ಬಂದ್ರಿ,” ಎಂದು ಮೊದಲ ದಿನವೇ ಅಂದಳು. ಆದರೆ ಗಂಡನೊಡನೆ ಆಕೆಯ ಮಾತು ಗ್ಯಾಸು ಮುಗಿದಿದೆ, ಹಿಟ್ಟು ಬೀಸಿಸಬೇಕು, ಊಟಕ್ಕೆ ಏಳಿ, ಇಷ್ಟೇ. ನೋಡಿಕೊಳ್ಳುವುದರಲ್ಲಿ ಏನೂ ಕಡಿಮೆ ಇರಲಿಲ್ಲ. ದಿನಾ ಬೆಳಿಗ್ಗೆ ಆ ಕಾಲಿಗೆ ಎಣ್ಣೆ ಕಾಸಿ ತಿಕ್ಕುತ್ತಿದ್ದಳು, ಮುಖ ಮಾತ್ರ ಆಚೆ ತಿರುಗಿಸಿಕೊಂಡು ತಿಕ್ಕುತ್ತಿದ್ದಳು. ಅಲಮಾರಿ ತೋರಿಸಿ ನಕ್ಕ ಹೆಂಗಸು ಈಕೆಯೇ ಎಂದು ನಂಬಲು ನನಗೆ ಸಮಯ ಹಿಡಿಯಿತು.

ಯಾಕೆಂದು ತಿಳಿದದ್ದು ಅವರ ತಾಯಿಯ ತಿಥಿಯ ದಿನ. ನನ್ನನ್ನೂ ಊಟಕ್ಕೆ ಕರೆದಿದ್ದರು. ಆಕೆ ಎಲೆ ಹಾಕಿ, ಹೋಳಿಗೆ, ಕಟ್ಟಿನ ಸಾರು, ಎಲ್ಲ ಬಡಿಸಿ ಫೋಟೋದ ಮುಂದೆ ತಾನೇ ಎಡೆ ಇಟ್ಟಳು. ಅವರು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹೊಸ್ತಿಲಿನ ಆಚೆ ನಿಂತಿದ್ದರು. ಮಗ ನೀವಲ್ಲವೇ, ಒಳಗೆ ಬನ್ನಿ ಎಂದು ನಾನು ಕರೆದೆ. ಆಕೆ ತಿರುಗಿಯೂ ನೋಡದೆ, “ಬ್ಯಾಡ ಅಣ್ಣಾ. ಸತ್ತ ಮ್ಯಾಲೂ ಅಕೀನ್ನ ಬಿಡದ ಮತ್ತ ಹಾಸಗಿ ಹಿಡಿಸಿದಾವ್ರು ಇವರು. ಏಳ್ ತಿಂಗಳು ಅಕೀ ಹೆಂಗ ನರಳಿದ್ಳು ಅಂತ ನಾ ನೋಡೀನಿ. ಅದನ್ನ ಮತ್ತೊಮ್ಮೆ ಬರಲಿ ಅಂತ ಕೈಯಾರೆ ಬರದಾರ. ಇವರ ಕೈಲಿಂದ ಅಕೀ ಉಣ್ಣಂಗಿಲ್ಲ,” ಎಂದಳು. ಹನ್ನೆರಡು ಹದಿಮೂರು ವರ್ಷದಿಂದ ಹೀಗೇ ನಡೆದಿತ್ತು. ಅವರು ಹೊಸ್ತಿಲಿನಾಚೆಯಿಂದಲೇ ಕೈಮುಗಿದರು. ನಾನು ಅಲ್ಲೇ ಕೂತಿದ್ದೆ. ಆಗಲೇ ಹೇಳಬೇಕಿತ್ತು, ಬಾಯಿಯ ತನಕ ಬಂದಿತ್ತು. ಆಕೆ, “ಉಣ್ರಿ ಅಣ್ಣಾ,” ಎಂದು ನನ್ನ ಎಲೆಗೆ ತುಪ್ಪ ಬಡಿಸಿದಳು. ನಾನು ತಲೆ ತಗ್ಗಿಸಿ ಉಂಡೆ.

ಸಂಜೆ ಟರ್ಫಿನಲ್ಲಿ ಅವರಿಗೆ, “ಅವತ್ತು ವಿಚಾರಣೆಯೊಳಗ ನಾನು ಬಾಯಿ ಬಿಡಬೇಕಿತ್ತು. ನನ್ನಿಂದ ತಪ್ಪಾತ್ರಿ,” ಎಂದೆ. ಅವರು ಇರಲಿ ಬಿಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅಂಥ ಸ್ವಭಾವದವರು. ಅವರು ಹಾಗನ್ನಲಿಲ್ಲ. ಕಾಲ ಬಳಿ ಬಂದ ಚೆಂಡನ್ನು ಹುಡುಗರ ಕಡೆ ತಳ್ಳಿ, “ಹಂಗಾರ ಈಗ ಹೇಳ್ರಿ ಅಣ್ಣಾರ,” ಎಂದರು.

“ಯಾರಿಗೆ ಹೇಳ್ಲಿ? ಕಾರ್ಖಾನೇ ಮುಚ್ಚಿ ಹೋಗ್ಯದ.”

“ಕಾರ್ಖಾನಿಗಲ್ರಿ, ಅಕೀಗೆ. ಹಿಂಗ ಬರೀ ಅಂತ ನಾನೇ ಹೇಳ್ದೆ, ಇವನ ಮನಸಿನಾಗ ಅದು ಇರಲಿಲ್ಲ ಅಂತ ನಿಮ್ಮ ಬಾಯಿಲೆ ಒಂದು ಮಾತು ಹೇಳ್ರಿ. ನಾ ಹೇಳಿದ್ರ ತಪ್ಪ ಇನ್ನೊಬ್ರ ಮ್ಯಾಲ ಹಾಕಾಕತ್ತೀರಿ ಅಂತಾಳ. ಅದಕ್ಕ ಇಷ್ಟು ವರ್ಷ ಹೇಳಿಲ್ಲ. ನೌಕರಿ ಹೋತು, ಹೋಗ್ಲಿ. ಕಾಲು ಹೋತು. ಅಕೀ ನನ್ನ ಕೂಡ ಮದ್ಲಿನಂಗ ಒಂದು ಸಲ ಮಾತಾಡಿದ್ರ ಸಾಕ್ರಿ.”

“ಹೇಳ್ತೀನಿ,” ಎಂದೆ. “ಈ ವಾರದಾಗ ಹೇಳ್ತೀನಿ.”

ಆ ವಾರ ಹೇಳಲಿಲ್ಲ. ಮರುವಾರ ಆಕೆಗೆ ಜ್ವರ ಬಂದಿತ್ತು. ಆಮೇಲೆ ದಸರೆ ಬಂತು, ಹಬ್ಬದ ಹೊತ್ತಿನಲ್ಲಿ ಬೇಡವೆನಿಸಿತು. ಶಂಶಾಬಾದಿನಲ್ಲಿ ನಮ್ಮ ನೆಂಟರ ಮದುವೆ ಬಂತು. ಒಂದು ದಿನ ಹೇಳಲೇಬೇಕೆಂದು ನಿರ್ಧಾರ ಮಾಡಿ ಹೋದರೆ ಆಕೆ ನನ್ನ ಮುಂದೆ ರೊಟ್ಟಿಯ ತಟ್ಟೆ ಇಟ್ಟು, “ಅಣ್ಣಾ, ನನಗ ತವರುಮನಿ ಅಂತ ಇಲ್ಲ. ನೀವು ಬಂದ್ರ ತವರಿನಿಂದ ಯಾರೋ ಬಂದಂಗಾಗತೈತಿ,” ಎಂದಳು. ಆ ಮಾತು ಕೇಳಿದ ಮೇಲೆ ನಾನು ರೊಟ್ಟಿ ತಿಂದು ಎದ್ದು ಬಂದೆ. ಈ ವಯಸ್ಸಿನಲ್ಲಿ ನನಗೂ ಅಂಥ ಮಾತು ಅನ್ನುವವರು ಬೇರೆ ಯಾರಿದ್ದರು? ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಇದು ನನ್ನ ಸಣ್ಣತನ, ಇದಕ್ಕೆ ಬೇರೆ ಹೆಸರಿಲ್ಲ.

ಅವರು ಎರಡನೇ ಸಲ ಕೇಳಲಿಲ್ಲ. ನಾನು ಅವರ ಮನೆಯಲ್ಲಿ ಚಹಾ ಕುಡಿದು ಎದ್ದಾಗಲೆಲ್ಲ ಒಮ್ಮೆ ನನ್ನ ಮುಖ ನೋಡುತ್ತಿದ್ದರು, ಅಷ್ಟೇ. ನಾನು ಚಪ್ಪಲಿ ಮೆಟ್ಟಿದ ಮೇಲೆ ಗೇಟಿನವರೆಗೆ ಕುಂಟುತ್ತ ಬಂದು, “ನಾಳೆ ಬರ್ರಿ ಅಣ್ಣಾರ,” ಎನ್ನುತ್ತಿದ್ದರು. ಹೀಗೆ ಎಂಟು ತಿಂಗಳು ಹೋಯಿತು.

ಒಂದು ಬೆಳಿಗ್ಗೆ ಆ ದಪ್ಪನೆಯ ಮೈಸೂರು ಹುಡುಗ ನನಗೆ ಫೋನ್ ಮಾಡಿದ. “ಸರ್, ಅಂಕಲ್ ಹೋಗ್ಬಿಟ್ರು,” ಎಂದು ಅಳುತ್ತಿದ್ದ. ಎದೆ ಹಿಡಿದುಕೊಂಡು ಕೂತವರು ಮೇಲೆ ಏಳಲಿಲ್ಲವಂತೆ. ಆಟೋ ಬರುವುದರೊಳಗೆ ಎಲ್ಲ ಮುಗಿದಿತ್ತು. ಟರ್ಫಿನ ಹುಡುಗರೇ ಹೆಗಲು ಕೊಟ್ಟರು. ಅವರ ಹಳೆಯ ತಂಡಗಳಿಂದ ಯಾರೂ ಬರಲಿಲ್ಲ, ಯಾರಿಗೆ ತಿಳಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆಕೆ ಹೆಚ್ಚು ಅಳಲಿಲ್ಲ. ಬಂದವರಿಗೆ ಕೂರಲು ಚಾಪೆ ಹಾಸುತ್ತಿದ್ದಳು.

ಹನ್ನೊಂದನೆಯ ದಿನ ಎಲ್ಲರೂ ಹೋದ ಮೇಲೆ ನಾನು ಉಳಿದೆ. ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ಒಂದು ಮನಸ್ಸು, ಹೇಳದೆ ಮನೆಗೆ ಹೋದರೆ ನಾನು ಮನುಷ್ಯನಲ್ಲ ಎಂದು ಇನ್ನೊಂದು ಮನಸ್ಸು. ಕೂತಲ್ಲೇ ಎಲ್ಲ ಹೇಳಿದೆ. ರಜೆಗೆ ಆ ಕಾರಣ ಬರೆಸಿದವನು ನಾನು. ‘ಅವ್ವಗ?’ ಎಂದು ಅವರು ಕೇಳಿದ್ದು. ಲಗೂ ಬರೀರಿ ಎಂದು ನಾನು ಗದರಿದ್ದು. ವಿಚಾರಣೆಯಲ್ಲಿ ಅವರು ನನ್ನ ಹೆಸರು ಹೇಳದೆ ಇದ್ದದ್ದು. ನಾನು ಬರೆದ ಮೂರು ಸಾಲು, ಬರೆಯದ ಒಂದು ಸಾಲು. ಆಕೆ ಗೋಡೆಗೆ ಒರಗಿ ಕೂತು ಕೇಳಿದಳು.

“ಅವರಿಗೆ ಗೊತ್ತಿತ್ತೇನು, ನೀವು ನನಗ ಹೇಳಾವ್ರು ಇದ್ರಿ ಅಂತ?” ಎಂದು ಕೇಳಿದಳು.

“ಗೊತ್ತಿತ್ತು ತಂಗಿ. ಅವರೇ ಹೇಳಂದಿದ್ರು. ಎಂಟ್ ತಿಂಗಳಾತು.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಬಹಳ ಮೆತ್ತಗೆ, ತನಗೆ ತಾನೇ ಹೇಳಿಕೊಂಡ ಹಾಗೆ ಅಂದಳು:

“ಎಂಟ್ ತಿಂಗಳು ಯಾಕ ಬೇಕಿತ್ತು ಅಣ್ಣಾ? ಅವರು ಹೋಗೂ ಹಿಂದಿನ ದಿನ ಹೇಳಿದ್ರೂ ನಡೀತಿತ್ತು. ಒಂದು ದಿನ ಸಾಕಿತ್ತು ನನಗ.”